ಬಲಗಡೆ ಮೂವತ್ತೊಂದು, ಎಡಗಡೆ ನಾಲ್ಕು

ಹರಿಹರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಶುರು ಮಾಡಿ ನನಗೆ ಇಪ್ಪತ್ತೆರಡು ವರ್ಷ ಆಯಿತು. ಮನೆ ಇರುವುದು ದಾವಣಗೆರೆಯ ಆನೆಕೊಂಡದಲ್ಲಿ, ದಿನಾ ಬಸ್ಸಿನಲ್ಲೇ ಹೋಗಿಬರುವುದು. ಇಷ್ಟು ವರ್ಷದಲ್ಲಿ ನಾನು ತರಗತಿಗೆ ಬಂದರೆ ಮಕ್ಕಳು ಖುಷಿಪಡುವ ಪಾಠ ಒಂದೇ, ಸಂಭವನೀಯತೆ. ಅವತ್ತು ಚೀಲದಿಂದ ಪುಸ್ತಕ ತೆಗೆಯುವುದಿಲ್ಲ, ಜೇಬಿನಿಂದ ರೂಪಾಯಿ ತೆಗೆಯುತ್ತಾರೆ. ನಾಣ್ಯ ಚಿಮ್ಮಿದರೆ ಹೆಡ್ ಬೀಳುವ ಸಂಭವನೀಯತೆ ಎರಡರಲ್ಲಿ ಒಂದು ಎಂದು ಬೋರ್ಡಿನ ಮೇಲೆ ಬರೆದು, ಮನೆಗೆ ಹೋಗಿ ಐವತ್ತು ಸಲ ಚಿಮ್ಮಿ, ಬಿದ್ದದ್ದನ್ನು ಬಿದ್ದ ಹಾಗೆ ಬರೆದುಕೊಂಡು ಬನ್ನಿ ಎಂದು ಕಳಿಸುತ್ತೇನೆ.

ಕಳೆದ ವರ್ಷ ಒಬ್ಬ ಹುಡುಗಿ ಸರಿಯಾಗಿ ಇಪ್ಪತ್ತೈದು ಹೆಡ್ಡು, ಇಪ್ಪತ್ತೈದು ಟೇಲು ತಂದಳು. ಅದೂ ಒಂದಾದ ಮೇಲೆ ಒಂದು, ಜಡೆ ಹೆಣೆದ ಹಾಗೆ.

"ಎಲ್ಲಿ ಕೂತು ಬರೆದೆ ಇದನ್ನ?" ಎಂದೆ.

"ಮನ್ಯಾಗ ಮಿಸ್."

"ಖರೇ ಹೇಳು."

"ಬಸ್ಸಿನಾಗ ಮಿಸ್. ಚಿಮ್ಮಿದ್ರೆ ರೂಪಾಯಿ ಸೀಟಿನ ಕೆಳಗೆ ಹೋಗ್ತಿತ್ತು."

ನಿಜವಾದ ನಾಣ್ಯ ಇಷ್ಟು ನೀಟಾಗಿ ಬೀಳುವುದಿಲ್ಲ ಎಂದು ಇಡೀ ತರಗತಿಗೆ ಭಾಷಣ ಬಿಗಿದೆ. ಕೈಯಾಡಿಸಿದ ಲೆಕ್ಕ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು. ಆ ಜಂಬ ನಮ್ಮ ಮನೆಯಲ್ಲೇ ಇಳಿಯಿತು. ಇಳಿಸಿದವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಅತ್ತೆ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಂಗಳದಲ್ಲಿ ಸ್ಕೂಟಿಗೆ ಹೊದಿಸಿದ ಕರಿ ಕವರನ್ನು ಎಮ್ಮೆ ಅಂದುಕೊಂಡು ಹೈ ಹೈ ಎಂದು ಓಡಿಸುತ್ತಿದ್ದರು. ನಾವೆಲ್ಲ ನಕ್ಕೆವು. ಆಮೇಲೆ ಒಂದು ಬೆಳಗ್ಗೆ ಬಾಗಿಲ ಮೆಟ್ಟಿಲು ಕಾಣದೆ ಹಾಲಿನ ಪಾತ್ರೆ ಸಮೇತ ಬಿದ್ದು ಮೊಣಕಾಲು ತರಚಿಕೊಂಡರು. ಆಗ ಯಾರೂ ನಗಲಿಲ್ಲ. ಹದಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮನೆಯವರು, "ನೀನೇ ಕರ್ಕೊಂಡು ಹೋಗು, ನಿಂಗೆ ಮಾತಾಡೋಕೆ ಬರ್ತತೆ" ಎಂದು ಜಾರಿಕೊಂಡರು. ಪಿ.ಜೆ. ಬಡಾವಣೆಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಒಳ್ಳೆಯವರು. "ಹೆದರೋ ಅಂಥದ್ದೇನಿಲ್ಲ ಅಮ್ಮ. ನೂರು ಜನಕ್ಕೆ ಆಪರೇಷನ್ ಮಾಡಿದ್ರೆ ಒಬ್ಬರಿಗೋ ಇಬ್ಬರಿಗೋ ತೊಂದ್ರೆ ಆಗಬಹುದು, ಅಷ್ಟೆ. ಆದ್ರೆ ಬಹಳ ತಡ ಮಾಡಬೇಡಿ, ಪೊರೆ ಗಟ್ಟಿಯಾದ್ರೆ ಕಷ್ಟ" ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ನೂರು ಎಂಬುದನ್ನು ಛೇದದಲ್ಲಿಟ್ಟು ಮಾತಾಡುವವರು ಎಲ್ಲಿ ಸಿಗುತ್ತಾರೆ?

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಕೇಳಿದರು, "ಆ ಒಬ್ಬಾಕಿ ಯಾರು?"

"ಯಾವ ಒಬ್ಬಾಕಿ?"

"ನೂರರಾಗ ಒಬ್ರಿಗೆ ಕೆಡ್ತತೆ ಅಂದ್ನಲ್ಲ ಡಾಕ್ಟ್ರು."

ಅದು ಯಾರೂ ಆಗಬಹುದು, ಆದರೆ ನೀವು ಆಗುವ ಸಾಧ್ಯತೆ ತೀರಾ ಕಡಿಮೆ ಎಂದು ವಿವರಿಸಿದೆ. ಚೀಲದಲ್ಲಿ ನೂರು ಗೋಲಿ ಇವೆ, ಒಂದೇ ಕೆಂಪು, ಉಳಿದದ್ದೆಲ್ಲ ಬಿಳಿ, ಕಣ್ಣು ಮುಚ್ಚಿ ಕೈ ಹಾಕಿದರೆ ಎಂದು ಪಠ್ಯಪುಸ್ತಕವನ್ನೇ ಒಪ್ಪಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ನಾನು ಒಬ್ಬಾಕಿ ಅದೀನಿ. ನೂರು ಮಂದಿ ಎಲ್ಲಿಂದ ತರ್ಲವ್ವ?" ಎಂದರು.

ಆಟೋದವನು ಕಿಸಕ್ಕನೆ ನಕ್ಕ. ನನಗೆ ಸಿಟ್ಟು ಬಂತು. ಓಣಿಯ ಯಾವಳೋ ಮುದುಕಿಗೆ ಹಿಂದೆ ಯಾವಾಗಲೋ ಕಣ್ಣು ಕೆಟ್ಟಿತ್ತಂತೆ, ಅತ್ತೆ ಆ ಮಾತನ್ನೂ ತೆಗೆದರು. ಒಂದು ಉದಾಹರಣೆ ಹಿಡಿದು ತೀರ್ಮಾನ ಮಾಡಬಾರದು ಅತ್ತೆ ಎಂದೆ. ಮನೆ ಬರುವ ತನಕ ಇನ್ನೂ ಏನೇನೋ ಹೇಳಿದೆ. ಇಳಿಯುವಾಗ ಅವರು ಹೇಳಿದ್ದು ಒಂದೇ ಮಾತು, "ದೇವಿ ಹತ್ರ ಹೂವು ಕೇಳಿ ನೋಡಾಣ."

ನಮ್ಮ ಓಣಿಯಲ್ಲಿ ಒಂದು ಸಣ್ಣ ದೇವಿ ಗುಡಿ ಇದೆ. ಮಂಗಳವಾರ, ಶುಕ್ರವಾರ ಬೆಳಗ್ಗೆ ಪೂಜಾರಪ್ಪ ದೇವಿಯ ಎರಡೂ ಭುಜಕ್ಕೆ ಒಂದೊಂದು ಸೇವಂತಿಗೆಯನ್ನು ನೀರು ಮುಟ್ಟಿಸಿ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲಗಡೆ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ. ಮದುವೆ, ಬೋರ್‌ವೆಲ್, ಸೈಟು, ಎಲ್ಲವೂ ಆ ಎರಡು ಹೂವಿನ ಮೇಲೆ ನಿಂತಿರುತ್ತವೆ. ನನಗೂ ಬೇಸರವೇನಿರಲಿಲ್ಲ. ಎರಡು ಹೂವು, ಎರಡರಲ್ಲಿ ಒಂದು, ನನ್ನ ನಾಣ್ಯದ ಪಾಠವೇ ತಾನೆ?

ಶುಕ್ರವಾರ ಅತ್ತೆ ಕೈಮುಗಿದು ನಿಂತರು. ಪಕ್ಕದಲ್ಲಿ ನಾನು ಬಸ್ಸಿನ ಚಿಂತೆಯಲ್ಲಿ ವಾಚು ನೋಡುತ್ತ ನಿಂತೆ. ಎಡಗಡೆ ಹೂವು ಬಿತ್ತು.

"ಆತು ಬಿಡು, ದೇವಿ ಬ್ಯಾಡ ಅಂದ್ಲು" ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಹೊರಟರು. ಆ ನಡಿಗೆಯಲ್ಲಿ ಎಂಥದೋ ಹಗುರ ಇತ್ತು. ಅದನ್ನು ನಾನು ನೋಡಿದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನಗೆ ಹಟ ಬಂತು. ಕಣ್ಣಿನಂಥ ಕಣ್ಣನ್ನು ಒಂದು ಹೂವಿಗೆ ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ. ಹೂವು ಬೀಳುವುದಕ್ಕೂ ಕಣ್ಣಿಗೂ ಸಂಬಂಧವಿಲ್ಲ, ಸುಮ್ಮನೆ ಅರ್ಧಕ್ಕರ್ಧ ಬೀಳುತ್ತದೆ ಎಂದು ಅಂಕಿಅಂಶ ಸಮೇತ ತೋರಿಸಿಬಿಡುತ್ತೇನೆ ಎಂದುಕೊಂಡು ಒಂದು ನೋಟ್‌ಬುಕ್ ತಂದೆ. ಪುಟದ ನಡುವೆ ಗೆರೆ ಎಳೆದು ಬಲ, ಎಡ ಎಂದು ಬರೆದೆ. ಎಡದ ಕೆಳಗೆ ಮೊದಲ ಗೀಟು ಅತ್ತೆಯದು. ಆಮೇಲೆ ಮಂಗಳವಾರ, ಶುಕ್ರವಾರ ಗುಡಿ ಕಟ್ಟೆಯ ಮೇಲೆ ಕೂತು ಬೇರೆಯವರ ಹೂವು ಎಣಿಸಿದೆ. ಟೀಚರಮ್ಮಗೆ ಇತ್ತೀಚೆಗೆ ಭಕ್ತಿ ಜಾಸ್ತಿ ಆಗೈತೆ ಎಂದು ಓಣಿಯೆಲ್ಲ ಸುದ್ದಿಯಾಯಿತು. ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆಯುವುದನ್ನು ನೋಡಿ ಒಬ್ಬ ಅಜ್ಜಿ, ಇದು ಯಾವ ವ್ರತ ಎಂದೂ ಕೇಳಿದರು.

ಒಂದು ತಿಂಗಳ ಕೊನೆಗೆ ಮೂವತ್ತೈದು ಗೀಟು ಆದವು. ಬಲಗಡೆ ಮೂವತ್ತೊಂದು, ಎಡಗಡೆ ನಾಲ್ಕು.

ಅರ್ಧಕ್ಕರ್ಧ ಎಂದು ತೋರಿಸಲು ಹೋದವಳಿಗೆ ಈ ಲೆಕ್ಕ ಕೈಕೊಟ್ಟಿತು. ಆದರೂ ಒಳಗೊಳಗೆ ಖುಷಿಯಾಯಿತು. ಬಸ್ಸಿನಲ್ಲಿ ಕೂತು ಹೆಡ್ಡು ಟೇಲು ಬರೆದ ಹುಡುಗಿಯನ್ನು ಹಿಡಿದ ಕಣ್ಣಲ್ಲವೇ ನನ್ನದು? ಈ ಹೂವು ನಿಷ್ಪಕ್ಷಪಾತಿಯಲ್ಲ, ಇದರಲ್ಲಿ ಯಾರದೋ ಕೈ ಇದೆ ಎಂದು ಗೊತ್ತಾಗಿಹೋಯಿತು. ಪೂಜೆ ಮುಗಿಸಿ ಕಟ್ಟೆಗೆ ಬಂದು ಕೂತ ಪೂಜಾರಪ್ಪನ ಮುಂದೆ ನೋಟ್‌ಬುಕ್ ಹಿಡಿದೆ.

"ಪೇಪರ್‌ನೋರಿಗೆ ಕೊಡ್ತೀರೇನ್ರಿ?" ಎಂದರು.

"ಇಲ್ರಿ, ನಮ್ಮತ್ತೆಗೆ ತೋರಿಸ್ತೀನಿ."

"ಹಂಗಾದ್ರೆ ಕೂಡ್ರಿ" ಎಂದು ಸಮಾಧಾನದಿಂದ ಹೇಳಿದರು. "ಬಲಗಡೆ ಹೂವಿಗೆ ನೀರು ಕಮ್ಮಿ ಹಚ್ತೀನಿ. ಬೇಗ ಒಣಗ್ತತೆ, ಬೇಗ ಬೀಳ್ತತೆ. ಇಲ್ಲಿಗೆ ಬರೋರು ಅರ್ಧ ಮನಸ್ಸು ಮಾಡ್ಕೊಂಡೇ ಬಂದಿರ್ತಾರೆ, ಧೈರ್ಯ ಒಂದು ಸಾಲ್ದಾಗಿರ್ತತೆ. ಒಂದು ಹನಿ ನೀರು ಕಮ್ಮಿ ಮಾಡಿದ್ರೆ ದೇವಿ ಏನು ಸಿಟ್ಟಾಗಾದಿಲ್ಲ. ತೀರಾ ಎಡವಟ್ಟು ಕೆಲ್ಸಕ್ಕೆ ಕೇಳಾಕೆ ಬಂದ್ರೆ ಮಾತ್ರ ಎಡಗಡೆ."

"ಮತ್ತೆ ನಮ್ಮತ್ತೆಗೆ ಯಾಕ ಎಡಕ್ಕೆ ಬಿತ್ತು? ಕಣ್ಣು ತೋರಿಸೋದು ಎಡವಟ್ಟು ಕೆಲ್ಸ ಏನ್ರಿ?"

ಪೂಜಾರಪ್ಪ ದನಿ ತಗ್ಗಿಸಿದರು. "ನಾನು ಹೇಳಿದೆ ಅನ್ನಬ್ಯಾಡ್ರಿ. ಹಿಂದಿನ ದಿನ ಬಂದು ಅವರೇ ಹೇಳಿ ಹೋಗಿದ್ರು, ಎಡಗಡೆ ಬೀಳಂಗೆ ಇಡು ಅಂತ. ಭಾಳ ಹೆದ್ರಿಕೆ ಆಗೈತೆ ಅಂದ್ರು. ಸೊಸೀಗೆ ಹೇಳ್ರಿ ಅಂದೆ. ಆಕಿ ಮುಂದೆ ಹೆದ್ರಿಕೆ ಅಂದ್ರೆ ಲೆಕ್ಕ ಹೇಳ್ತಾಳೆ, ದೇವಿ ಬ್ಯಾಡ ಅಂದ್ಲು ಅಂದ್ರೆ ಸುಮ್ಮನಾಗ್ತಾಳೆ ಅಂದ್ರು."

ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡೆ. ಅವತ್ತು ಹರಿಹರದ ತನಕ ಬಸ್ಸಿನಲ್ಲಿ ಮುಖ ಎತ್ತಲಾಗಲಿಲ್ಲ. ಮೂವತ್ತೈದು ಜನರ ಹೂವು ಎಣಿಸಿದ್ದೆ. ಮನೆಯಲ್ಲಿದ್ದ ಒಬ್ಬರನ್ನು ಭಯ ಆಗಿದೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಅವರೆಕಾಯಿ ಬಿಡಿಸುತ್ತ ಅತ್ತೆಯ ಪಕ್ಕ ಕೂತೆ. ಅವರಿಗೆ ಕಾಳು ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು.

"ಅತ್ತೆ, ಮಗಳು ಹುಟ್ಟುವಾಗ ಆಪರೇಷನ್ ಅಂದಾಗ ನಂಗೆ ಬಹಳ ಹೆದ್ರಿಕೆ ಆಗಿತ್ತು" ಎಂದೆ.

"ಗೊತ್ತೈತೆ. ನನ್ನ ಕೈ ಹಿಡ್ಕೊಂಡಿದ್ಯಲ್ಲ, ಉಗುರಿನ ಗುರುತು ಎಂಟು ದಿನ ಹೋಗ್ಲಿಲ್ಲ" ಎಂದರು. ಎರಡು ಕಾಯಿ ಬಿಡಿಸಿದರು. ಆಮೇಲೆ ಕೇಳಿದರು, "ಕಣ್ಣಿನ ಆಪರೇಷನ್‌ಗೆ ಒಳಗೆ ಬಿಡ್ತಾರೇನು ನಿನ್ನ?"

"ಬಿಡಾದಿಲ್ಲ. ಬಾಗ್ಲು ತನಕ ಬರ್ತೀನಿ. ಅಲ್ಲೇ ನಿಂತಿರ್ತೀನಿ."

"ಲೆಕ್ಕ ಹೇಳಬಾರ್ದು."

"ಇಲ್ಲ."

"ಹಂಗಾದ್ರೆ ಇನ್ನೊಂದ್ಸಲ ಹೂವು ಕೇಳಾಣ" ಎಂದರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಇಪ್ಪತ್ತೆರಡು ವರ್ಷ ನಿಷ್ಪಕ್ಷಪಾತ ನಾಣ್ಯವನ್ನೇ ಕಲಿಸಿದ ನಾನು ಗುರುವಾರ ಶಾಲೆಯಿಂದ ಬಂದವಳೇ ಮನೆಗೆ ಹೋಗದೆ ನೆಟ್ಟಗೆ ಗುಡಿಗೆ ಹೋದೆ. ಪೂಜಾರಪ್ಪ ಕಸ ಗುಡಿಸುತ್ತಿದ್ದರು. ಆಚೀಚೆ ನೋಡಿ, ನಾಳೆ ನಮ್ಮತ್ತೆ ಬರ್ತಾರೆ, ಬಲಗಡೆ ಹೂವಿಗೆ ನೀರು ಸ್ವಲ್ಪ ಕಮ್ಮಿ ಎಂದೆ. ಪೂಜಾರಪ್ಪ ಪೊರಕೆ ಊರಿಕೊಂಡು ನಿಂತು ನಕ್ಕರು.

"ಬೆಳಗ್ಗೇನೇ ನಿಮ್ಮತ್ತೆ ಬಂದು ಹೇಳಿ ಹೋದ್ರು. ಬಲಕ್ಕೆ ಬೀಳಂಗೆ ಇಡು, ಪಾಪ ನನ್ನ ಸೊಸಿ ಜೀವ ಹಿಡ್ಕೊಂಡು ನೋಡ್ತಿರ್ತಾಳೆ ಅಂತ."

ಇಬ್ಬರ ಮಾತನ್ನೂ ನಡೆಸಿಕೊಡಲು ಪೂಜಾರಪ್ಪ ಶುಕ್ರವಾರ ನೀರು ಮುಟ್ಟಿಸಿದರೋ ಇಲ್ಲವೋ ಗೊತ್ತಿಲ್ಲ. ಅತ್ತೆ ಇನ್ನೂ ಚಪ್ಪಲಿ ಬಿಡುತ್ತಿದ್ದರು, ಬಲಗಡೆ ಹೂವು ಪಟ್ಟನೆ ಉದುರಿತು. ಬಲಕ್ಕೆ ಬಿತ್ತು ಎಂದು ಪೂಜಾರಪ್ಪ ಒಳಗಿಂದಲೇ ಕೂಗಿದರು. ಕೇಳುವ ಮೊದಲೇ ಉತ್ತರ ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ.

"ದೇವೀಗೆ ಮೊದ್ಲೇ ಗೊತ್ತಿತ್ತು ಬಿಡು" ಎಂದು ಅತ್ತೆ ಗಂಭೀರವಾಗಿ ಕೈಮುಗಿದರು.

ಮೊದಲ ಕಣ್ಣಿನ ಆಪರೇಷನ್ ದಿನ ಬಾಗಿಲ ತನಕ ಕೈಹಿಡಿದುಕೊಂಡು ಹೋದೆ. ನರ್ಸು ಕೈ ಬಿಡಿಸಿ ಒಳಗೆ ಕರೆದುಕೊಂಡಳು. ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ಹೇಳಿದ ಲೆಕ್ಕವನ್ನು ನಾನೇ ನನಗೆ ಹೇಳಿಕೊಳ್ಳಲು ನೋಡಿದೆ. ಒಂದಿಷ್ಟೂ ಪ್ರಯೋಜನ ಆಗಲಿಲ್ಲ. ಒಳಗೆ ಇದ್ದವರು ನೂರು ಜನ ಅಲ್ಲ, ಒಬ್ಬರೇ. ಗೋಡೆಗೆ ಒರಗಿ ನಿಂತು, ಗೊತ್ತಿದ್ದ ದೇವರನ್ನೆಲ್ಲ ನೆನೆಸಿಕೊಂಡೆ.

ಒಳ್ಳೆಯದೇ ಆಯಿತು. ಎರಡು ವಾರದ ಮೇಲೆ ಒಂದು ಬೆಳಗ್ಗೆ ಅತ್ತೆ ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಮೇಜಿನ ಮೇಲಿದ್ದ ನನ್ನ ನೋಟ್‌ಬುಕ್ ತಿರುವಿಹಾಕುತ್ತಿದ್ದರು. ಕಾಣುವುದನ್ನೆಲ್ಲ ಓದುವ ಹುಚ್ಚು ಹತ್ತಿತ್ತು ಅವರಿಗೆ. ಬಲ, ಎಡ ಎಂದು ಜೋರಾಗಿ ಓದಿ, ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದರು. ಆಪರೇಷನ್ನಿಗೆ ಮುಂಚೆ ಬಿದ್ದ ಹೂವನ್ನೂ ನಾನು ಬರೆದಿದ್ದರಿಂದ ಬಲಗಡೆ ಈಗ ಮೂವತ್ತೆರಡು ಇದ್ದವು. ಗುಡಿ ಕಟ್ಟೆಯ ಮೇಲೆ ಕೂತು ನಾನೇನು ಬರೆಯುತ್ತಿದ್ದೆ ಎಂದು ಅವರಿಗೆ ಮೊದಲೇ ಗೊತ್ತಿದ್ದಿರಬೇಕು, ಏನೂ ಕೇಳಲಿಲ್ಲ. ಎಡಗಡೆಯ ಮೊದಲ ಗೀಟಿನ ಮೇಲೆ ಬೆರಳು ನಿಲ್ಲಿಸಿದರು.

"ಇದು ನಂದು. ಇದನ್ನ ಹೊಡೆದು ಹಾಕು, ಲೆಕ್ಕಕ್ಕೆ ಬರಾದಿಲ್ಲ. ದೇವಿ ಕೊಟ್ಟಿದ್ದಲ್ಲ ಅದು."

ಪೆನ್ನು ತೆಗೆದುಕೊಂಡು ಹೊಡೆದು ಹಾಕಿದೆ.

"ಹಂಗಾದ್ರೆ ಬಲಗಡೆ ಕೊನೇದನ್ನೂ ಹೊಡೀಬೇಕಲ್ರಿ ಅತ್ತೆ" ಎಂದೆ.

ಅತ್ತೆ ತಲೆ ಎತ್ತಿ, ಎರಡು ವರ್ಷದಲ್ಲಿ ಮೊದಲ ಸಲ, ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ಅದು ಇರ್ಲಿ" ಎಂದರು.