ಕಬ್ಬಿಣವಿಲ್ಲದ ಸೂರು

ಗಾಳಿ ಮೊದಲು ಬಂತೋ ಗುಡುಗು ಮೊದಲು ಬಂತೋ ಎಂಬುದರಲ್ಲಿ ನನಗೂ ನನ್ನ ಗೆಳೆಯನಿಗೂ ಇಂದಿಗೂ ಒಮ್ಮತವಿಲ್ಲ. ಆ ಸೂರಿನ ಗಂಟುಗಳು ಸಡಿಲವಾಗಿದ್ದವು, ಅದರ ಕೆಳಗೆ ಒಂದು ಗುಂಪು ಹೆಂಗಸರು ಕೂತಿದ್ದರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅರಸೀಕೆರೆಗೂ ಹಳೇಬೀಡಿಗೂ ನಡುವಿನ ಒಂದು ಬೋಳು ಗುಡ್ಡದ ಮೇಲೆ ಚಾರಣಿಗರಿಗಾಗಿ ತಂಗುಮನೆ ಕಟ್ಟಿಕೊಡುವ ಕೆಲಸ ನಮಗೆ ಸಿಕ್ಕಿತ್ತು. ನಾನು ಆರ್ಕಿಟೆಕ್ಚರ್ ಓದಿದವನು. ಗೆಳೆಯ ಸಿವಿಲ್ ಎಂಜಿನಿಯರ್, ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯವನು. ಗುಡ್ಡಕ್ಕೆ ರಸ್ತೆಯಿರಲಿಲ್ಲ, ಏನೇ ಬೇಕಾದರೂ ತಲೆಹೊರೆಯಲ್ಲೇ ಹೊತ್ತು ತರಬೇಕಿತ್ತು. ಹಾಗಾಗಿ ಗೋಡೆಗೆ ಅಲ್ಲೇ ಬಿದ್ದಿದ್ದ ಕಲ್ಲು ಮತ್ತು ಮಣ್ಣು, ಮೇಲಕ್ಕೆ ಬಿದಿರು ಮತ್ತು ತೆಂಗಿನ ಗರಿ, ಕಟ್ಟುವುದಕ್ಕೆ ನಾರಿನ ಹಗ್ಗ. ಮಳೆನೀರು ಹಿಡಿಯಲು ಬಂಡೆಯ ನಡುವೆ ಒಂದು ಗುಂಡಿ. ನೀರು ತಗ್ಗಿದಂತೆ ಇಳಿದು ಮೊಗೆಯಲು, ಹಳೇಬೀಡಿನ ಹತ್ತಿರದ ಹುಲಿಕೆರೆಯ ಹಳೆಯ ಮೆಟ್ಟಿಲುಕೊಳವನ್ನು ನೋಡಿ ಬಂದು, ಅದಕ್ಕೂ ಮೆಟ್ಟಿಲು ಮಾಡಿಸಿದ್ದೆ. ಬೇಡವೆನಿಸಿದ ದಿನ ಎಲ್ಲ ಬಿಚ್ಚಿದರೆ ಗುಡ್ಡದಲ್ಲಿ ಒಂದು ಮೊಳೆಯೂ ಉಳಿಯಬಾರದು ಎಂಬುದು ನನ್ನ ಹಟ.

"ಒಂದ್ ಸುರುಳಿ ಕಬ್ಬಿಣದ ತಂತಿ ತಗಂಡೋದ್ರೆ ನಿನ್ ಗುಡ್ಡ ಸತ್ತೋಯ್ತದೇನ್ಲಾ?" ಎಂದು ಗೆಳೆಯ ರೇಗಿಸುತ್ತಿದ್ದ.

ಸೂರು ಕಟ್ಟಿದವರು ಅವನ ಊರಿನವರೇ, ಮದುವೆ ಚಪ್ಪರ ಹಾಕಿ ಕೈ ಪಳಗಿದವರು. ಹಗ್ಗವನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಎಳೆದು ಬಿಗಿಯುವುದು ಅವರ ಪದ್ಧತಿ. ಗಂಟು ಚೆನ್ನಾಗಿ ಕೂರುತ್ತದೆ, ಅಂಗೈಯೂ ಕುಯ್ಯುವುದಿಲ್ಲ. ಆದರೆ ಚಪ್ಪರವನ್ನು ಮದುವೆ ಮುಗಿದ ಕೂಡಲೇ ಬಿಚ್ಚುತ್ತಾರೆ. ಅದೇ ಗಂಟು ಇಡೀ ಬೇಸಿಗೆ ಒಣಗಿದರೆ ಏನಾಗುತ್ತದೆಂದು ಅವರಲ್ಲಿ ಯಾರೂ ನೋಡಿರಲಿಲ್ಲ, ನೋಡುವ ಅಗತ್ಯವೇ ಬಂದಿರಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು ಎಂದು ಹಲವು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಈಗ ಅದನ್ನು ನಂಬುವುದಿಲ್ಲ. ಆಮೇಲೆ ಸೇರಿಸಿಕೊಂಡದ್ದಿರಬೇಕು.

ಮುಂಗಾರಿಗೆ ಮುಂಚಿನ ಒಂದು ಮಧ್ಯಾಹ್ನ ಬೇಲೂರಿನ ಶಿಕ್ಷಕಿಯರ ಗುಂಪು ಗುಡ್ಡ ಹತ್ತಿತು. ಅಲ್ಲಿ ತಂಗಲು ಬಂದ ಮೊದಲ ಗುಂಪು ಅದು. ಅವರನ್ನು ಕರೆತಂದಿದ್ದವರು ವಿಜ್ಞಾನ ಕಲಿಸುವ ಒಬ್ಬ ಮೇಡಂ. ಗುಂಡಿ ಇನ್ನೂ ಒಣಗಿದ್ದರಿಂದ ಕುಡಿಯುವ ನೀರನ್ನು ಕೆಳಗಿನಿಂದ ಕೊಡಗಳಲ್ಲಿ ಹೊರಿಸಿ ತಂದಿದ್ದೆವು. ಮೇಡಂ ಮೇಲೆ ನೋಡಿ, "ಒಂದ್ ಮೊಳೆನೂ ಇಲ್ವಾ ಸಾರ್? ಹಂಗಾದ್ರೆ ನಾವು ಜೋರಾಗಿ ಸೀನೋ ಹಂಗಿಲ್ಲ" ಎಂದರು. ಎಲ್ಲರೂ ನಕ್ಕರು.

ಸ್ವಲ್ಪ ಹೊತ್ತಿಗೆ ಹಳೇಬೀಡಿನ ಕೆರೆಯ ಕಡೆ ಆಕಾಶ ಕಪ್ಪಾಯಿತು. ಮಳೆಯ ಸುಳಿವಿಲ್ಲದೆ ಬರೀ ಗಾಳಿ ನುಗ್ಗಿತು. ಗರಿಗಳ ಹೊದಿಕೆ ಪೂರ್ತಿಯಾಗಿ ಮೇಲೆದ್ದು ಮತ್ತೆ ಕೂತಿತು. ಬಿದಿರಿನ ಗಳುಗಳು ಗಂಟಿನೊಳಗೇ ಜಾರಿ ಕಿರುಗುಟ್ಟಿದವು. ನಾನು ಹತ್ತಿರದ ಗಂಟಿಗೆ ಬೆರಳು ತೂರಿಸಿದೆ. ನೆನೆದಾಗ ಕಟ್ಟಿದ್ದ ಹಗ್ಗ ಒಣಗಿ ತೆಳ್ಳಗಾಗಿ ಸಡಿಲಬಿದ್ದಿತ್ತು, ಬೆರಳು ಸಲೀಸಾಗಿ ಒಳಗೆ ಹೋಯಿತು.

ಗೆಳೆಯ ಅದನ್ನು ನೋಡಿದ. ದನಿ ತಗ್ಗಿಸಿ, "ಎಲ್ಲಾ ಹಂಗೇ ಐತೆ ಕಣೋ. ಆಚೆ ಕರ್ಕಂಡೋಗಾನ" ಎಂದ.

ಅಷ್ಟರಲ್ಲಿ ಎದುರಿನ ಬಂಡೆಯ ಆಚೆಗೇ ಸಿಡಿಲು ಬಡಿಯಿತು. ಬೋಳು ಗುಡ್ಡ, ಒಂದು ಮರವಿಲ್ಲ. ಹೊರಗೆ ಹೋದರೆ ಆ ಗುಡ್ಡದ ಮೇಲೆ ಎತ್ತರದ ವಸ್ತು ನಾವೇ. ಒಳಗಿದ್ದರೆ, ಸೂರಿನ ನೆತ್ತಿಯ ಉದ್ದ ಗಳು ಗಂಟು ಬಿಟ್ಟ ಗಳಿಗೆಯಲ್ಲಿ ಉಳಿದದ್ದೆಲ್ಲ ತಲೆಯ ಮೇಲೆ ಬೀಳುತ್ತದೆ. ನಕ್ಷೆ ಬರೆದವನು ನಾನೇ ಆದ್ದರಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ನನ್ನ ನೆನಪಿನ ಪ್ರಕಾರ ಆಗ ಗೆಳೆಯ ಕೂಗಿದ: "ಗಂಟಿಗೆ ನೀರ್ ಉಯ್ರೀ! ಹಗ್ಗ ನೆಂದ್ರೆ ಬಿಗೀತದೆ!" ಇದ್ದ ನೀರೆಲ್ಲ ಆ ಕೊಡಗಳಲ್ಲಿತ್ತು, ಮಳೆ ಬಾರದಿದ್ದರೆ ಮರುದಿನ ಇಳಿಯುವವರೆಗೂ ತೊಟ್ಟು ನೀರಿಲ್ಲ. ಮೇಡಂ ಕ್ಷಣವೂ ತಡೆಯದೆ, "ಬಾಯಾರಿದ್ರೆ ನಾಳೆ ಕುಡಿಯೋಣ, ತಲೆ ಒಡೆದ್ರೆ ಏನ್ ಮಾಡೋದು? ಉಯ್ರೀ" ಎಂದರು. ನಾವಿಬ್ಬರು ಕಲ್ಲು ಗೋಡೆ ಹತ್ತಿ ಗಂಟು ಗಂಟಿಗೂ ನೀರು ಸುರಿದೆವು. ಶಿಕ್ಷಕಿಯರು ಒಬ್ಬೊಬ್ಬರು ಒಂದೊಂದು ಗಳು ಹಿಡಿದು ಜೋತುಬಿದ್ದರು. ಗಾಳಿ ಎತ್ತಿದಾಗ ಅವರ ಕಾಲು ನೆಲ ಬಿಡುತ್ತಿತ್ತು. ಯಾರೋ ಅಳುತ್ತಿದ್ದರು, ಮತ್ಯಾರೋ, "ಅಳ್ತಾನೇ ಹಿಡ್ಕೊಳ್ಳೇ, ಕೈ ಬಿಡ್ಬೇಡ!" ಎಂದು ಗದರಿದರು. ಪಡುವಣ ಮೂಲೆಯ ಹೊದಿಕೆ ಕಿತ್ತು ಹಾರಿಹೋಯಿತು. ನೆತ್ತಿಯ ಗಳು ಒಮ್ಮೆ ಜಾರಿತು, ನಿಂತಿತು. ಆಮೇಲೆ ದಪ್ಪ ಹನಿಗಳು ಬಿದ್ದವು, ಗಾಳಿ ಸೋತಿತು. ಯಾರಿಗೂ ಏನೂ ಆಗಲಿಲ್ಲ.

ಈ ಕತೆಯನ್ನು ಬಹಳ ಕಡೆ ಹೇಳಿದ್ದೇನೆ. ಕೊಡದ ನೀರು ಸೂರನ್ನು ಉಳಿಸಿತು ಎಂದರೆ ಕೇಳುವವರಿಗೆ ಇಷ್ಟವಾಗುತ್ತದೆ. ಅದಕ್ಕೇ ಇರಬೇಕು, ನನಗೆ ಅದರ ಮೇಲೆ ಅನುಮಾನ ಹುಟ್ಟಿದ್ದು. ಕೆಲವು ವರ್ಷಗಳ ನಂತರ ನಮ್ಮ ಮನೆಯ ತಾರಸಿಯಲ್ಲಿ ನೆನೆದ ಹಗ್ಗದಿಂದ ಎರಡು ಬಿದಿರು ಕಟ್ಟಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ನೀರು ಸುರಿದು ನೋಡಿದೆ. ಬಿಗಿಯಿತು, ನಿಜ. ಆದರೆ ನಾನು ಕಾಫಿ ಮಾಡಿಕೊಂಡು ಕುಡಿದು ಮುಗಿಸಿದ ಮೇಲೆ. ಅಂದಿನ ಗಾಳಿ ಅಷ್ಟು ಹೊತ್ತು ಬೀಸಿರಲಾರದು.

ಗೆಳೆಯನಿಗೆ ಫೋನ್ ಮಾಡಿದೆ. "ನೀರ್ ಉಯ್ರೀ ಅಂದಿದ್ದು ನೀನು ಕಣ್ಲಾ, ನಾನಲ್ಲ" ಎಂದ. ಮೇಡಂಗೂ ಮಾಡಿದೆ. ಅವರು ನಗುತ್ತಾ, "ನಾನು ಉಯ್ಯಿರಿ ಅಂದ್ನಾ? ಬೇಡ ಅಂತ ಕಿರುಚಿದ್ದೆ ಸಾರ್. ನೀವು ಕೇಳಿಸ್ಕೊಳ್ಲಿಲ್ಲ. ನನಗೆ ನೆನಪಿರೋದು ಭುಜದ ನೋವು. ಅದ್ರಲ್ಲೂ ಆ ಗಳು ಕೈಗೆ ಸರಿಯಾಗಿ ಎಟುಕ್ತಿರ್ಲಿಲ್ಲ, ತುದಿಗಾಲಲ್ಲಿ ನಿಂತು ಹಿಡ್ಕೊಂಡಿದ್ದೆ" ಎಂದರು.

ಸೂರನ್ನು ಆ ಗಾಳಿ ಬೀಸಿದ ವರ್ಷವೇ ಬಿಚ್ಚಿ, ಒಣ ಹಗ್ಗದಿಂದ ಮತ್ತೆ ಕಟ್ಟಿಸಿದ್ದೆವು. ಕಟ್ಟಿದವರು ಅಂಗೈ ಕುಯ್ದುಕೊಂಡು ನನ್ನನ್ನು ಬೈದಿದ್ದರು. ಅಂದಿನಿಂದ ಅದು ಅಲುಗಿಲ್ಲ. ಆದರೆ ಮೇಡಂ ಜೊತೆ ಮಾತಾಡಿದ ಮೇಲೆ ನಾನು ಮತ್ತೊಮ್ಮೆ ಗುಡ್ಡ ಹತ್ತಿ, ಪ್ರತಿಯೊಂದು ಗಳುವಿನಿಂದ ಕೈಗೆ ಸಿಗುವಷ್ಟು ಕೆಳಕ್ಕೆ, ಗಾಳಿ ಬಂದರೆ ಹಿಡಿದು ಜೋತುಬೀಳಲು, ಒಂದೊಂದು ಹಗ್ಗದ ಕುಣಿಕೆ ಇಳಿಬಿಟ್ಟು ಬಂದೆ. ಬೇರೆ ಗುಡ್ಡಗಳಿಗೆ ಬರೆದುಕೊಟ್ಟ ನಕ್ಷೆಗಳಲ್ಲೂ ಅವು ಇವೆ. ಬ್ಯಾಗು ತೂಗುಹಾಕುವುದಕ್ಕೆ ಎಂದು ಚಾರಣಿಗರು ಅಂದುಕೊಳ್ಳುತ್ತಾರೆ. ತೂಗುಹಾಕುತ್ತಾರೆ ಕೂಡ.