ಭೂಕಂಪದ ನಂತರದ ಪಾಳಿ

ಲಾಕ್ವಿಲ ಪಟ್ಟಣ ನಡುಗಿ ಕುಸಿದ ಆ ವಸಂತದಲ್ಲಿ ಎರ್ಸಿಲಿಯಾ ತಾಯಿಯೊಂದಿಗೆ ಆಟದ ಮೈದಾನದ ನೀಲಿ ಡೇರೆಯಲ್ಲಿದ್ದಳು. ಮನೆಯ ಗೋಡೆಗಳೇನೋ ನಿಂತಿದ್ದವು, ಆದರೆ ಒಳಗೆ ಕಾಲಿಡುವಂತಿರಲಿಲ್ಲ. ಬೆಟ್ಟದ ಹೊಟ್ಟೆಯೊಳಗೆ ನಡೆಯುತ್ತಿದ್ದ ಭೌತಶಾಸ್ತ್ರದ ಪ್ರಯೋಗವೊಂದರಲ್ಲಿ ಅವಳ ಕೆಲಸ. ಬಂಡೆಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೊ ಕಣಗಳಲ್ಲಿ ಅಪರೂಪಕ್ಕೊಂದು ಅಲ್ಲಿನ ಉಪಕರಣದಲ್ಲಿ ಗುರುತು ಬಿಡುತ್ತಿತ್ತು. ಆ ದತ್ತಾಂಶ ಎಡೆಬಿಡದೆ ಕಂಪ್ಯೂಟರಿಗೆ ಸೇರುತ್ತಿದೆಯೇ ಎಂದು ತಪ್ಪಲಿನ ಕಟ್ಟಡದಲ್ಲಿ ಯಾರಾದರೊಬ್ಬರು ಪರದೆ ನೋಡುತ್ತ ಕೂತಿರಲೇಬೇಕು.

ಡೇರೆಗೆ ಬಂದ ಮೇಲೆ ಎರ್ಸಿಲಿಯಾಳ ಮಾತೇ ನಿಂತಂತಾಗಿತ್ತು. ಊಟದ ಸಾಲಿನಲ್ಲೂ ತಾಯಿ ಫಿಲೊಮೆನಾಳೇ ನಿಲ್ಲುತ್ತಿದ್ದಳು. ಹೀಗಿರುವಾಗ ಪಾಳಿ ಹಂಚುವ ಹಿರಿಯ ನುನ್ಸಿಯೊ ಫೋನ್ ಮಾಡಿದ.

“ನಾಳೆ ಬೆಳಗಿನ ಶಿಫ್ಟಿಗೆ ಜನ ಇಲ್ಲ. ನೀನು ಬಾ.”

“ನಾನು ಡೇರೇಲಿದೀನಿ, ನುನ್ಸಿಯೊ. ತಲೆಗೆ ನೀರು ಬಿದ್ದು ಎಷ್ಟು ದಿನ ಆಯ್ತೋ.”

“ನ್ಯೂಟ್ರಿನೊ ನಿನ್ನ ತಲೆ ನೋಡಲ್ಲ. ಬಾ.”

ಅವಳು ಸಿಡುಕಿಕೊಂಡೇ ಫೋನಿಟ್ಟಳು. “ಹೋಗೇ,” ಅಂದಳು ತಾಯಿ. “ಇಲ್ಲಿ ಕೂತು ನೀನೇನು ಭೂಮಿ ಅಲ್ಲಾಡದ ಹಾಗೆ ಹಿಡ್ಕೊಂಡಿದೀಯಾ?”

ಮರುದಿನ ಬೆಳಿಗ್ಗೆ ತಪ್ಪಲಿನ ಕಟ್ಟಡದ ಕೋಣೆ ಬೆಚ್ಚಗಿತ್ತು. ನುನ್ಸಿಯೊ ಕಾಫಿ ಇಟ್ಟು, ಹೇಗಿದ್ದೀಯ ಎಂದೂ ಕೇಳದೆ ತನ್ನ ಕಾಗದಪತ್ರಗಳಲ್ಲಿ ಮುಳುಗಿದ. ಪರದೆಯ ಮೇಲೆ ದತ್ತಾಂಶದ ಹರಿವು ತೋರಿಸುವ ಹಸಿರು ಗೆರೆ ಮಟ್ಟಸವಾಗಿ ಓಡುತ್ತಿತ್ತು. ಅದನ್ನೇ ನೋಡುತ್ತ ಎರ್ಸಿಲಿಯಾಳ ಉಸಿರು ಹದಕ್ಕೆ ಬಂತು.

ಮಧ್ಯಾಹ್ನದ ಹೊತ್ತಿಗೆ ನೆಲ ಮತ್ತೆ ಕಂಪಿಸಿತು. ದೀಪ ಕಣ್ಣು ಮಿಟುಕಿಸಿತು, ಹಸಿರು ಗೆರೆ ಏಕಾಏಕಿ ಮೇಲಕ್ಕೆ ಚಿಮ್ಮಿತು. ಅವಳು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೀವೇ ನೋಡಿ. ನನ್ನ ಕೈಲಾಗಲ್ಲ.”

ನುನ್ಸಿಯೊ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ, ಕೀಲಿಮಣೆ ಮುಟ್ಟಲಿಲ್ಲ. “ಕನ್ನಡಕ ಮನೇಲಿದೆ,” ಅಂದ, ಅಷ್ಟು ಹೊತ್ತೂ ಕಾಗದ ಓದುತ್ತಿದ್ದವನು. “ಏನು ಕಾಣ್ತಿದೆ ಹೇಳು.”

“ಉಪಕರಣದ ಒಂದು ಪೆಟ್ಟಿಗೆಯಿಂದ ಮಾತ್ರ ಸುಳ್ಳು ಸಿಗ್ನಲ್ ನುಗ್ಗಿ ಬರ್ತಿದೆ. ಬೇರೆಯೆಲ್ಲ ಸರಿಯಿದೆ.”

“ಹಾಗಾದ್ರೆ?”

“ದತ್ತಾಂಶ ದಾಖಲಿಸೋದು ನಿಲ್ಲಿಸಿ, ಆ ಪೆಟ್ಟಿಗೆಯ ಕರೆಂಟ್ ಒಮ್ಮೆ ತೆಗೆದು ಮತ್ತೆ ಹಾಕ್ಬೇಕು.”

“ಹಾಕು ಮತ್ತೆ. ನಾನೇನು ಬೇಡ ಅಂದ್ನಾ?”

ಅವಳು ಮೇಜು ಬಿಟ್ಟು, ಕೀಲಿಮಣೆ ಎಳೆದುಕೊಂಡು ಹಾಗೆಯೇ ಮಾಡಿ, ಹೊಸದಾಗಿ ದಾಖಲಿಸಲು ಶುರುಮಾಡಿದಳು. ಗೆರೆ ಇಳಿದು ಮೊದಲಿನ ಮಟ್ಟಕ್ಕೆ ಬಂತು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವಾಯಿತು. ನುನ್ಸಿಯೊ ತಂದಿದ್ದ ಬ್ರೆಡ್ಡು, ಚೀಸು ಎರಡನ್ನೂ ತಿಂದು ಮುಗಿಸಿದಳು. ಮರುದಿನ ಕರೆಯದೆಯೇ ಬಂದಳು.

ಬೇಸಿಗೆಯಲ್ಲಿ ಪೋಲೆಂಡಿನ ಸಹೋದ್ಯೋಗಿ ಝಿಗ್ಮುಂತ್ ಊಟದ ಮೇಜಿನಲ್ಲಿ ಮಾತಿಗೆ ಮಾತು ಬಂದು ಹೇಳಿದ: “ನೀನು ಡೇರೆಯಿಂದ ಕೆಲಸಕ್ಕೆ ಬಂದ್ಯಲ್ಲ, ಆ ವಾರ ನಾನು ಖಾಲಿನೇ ಇದ್ದೆ. ಶಿಫ್ಟಿಗೆ ಬರ್ತೀನಿ ಅಂದ್ರೆ ನುನ್ಸಿಯೊ ಬೇಡ ಅಂದ್ಬಿಟ್ರು.”

ಎರ್ಸಿಲಿಯಾ ನೇರ ನುನ್ಸಿಯೊನ ಮುಂದೆ ಹೋಗಿ ನಿಂತಳು. “ಜನ ಇಲ್ಲ ಅಂತ ಸುಳ್ಳು ಯಾಕೆ ಹೇಳಿದ್ರಿ?”

“ಅವನ ಜೊತೆ ಇಡೀ ದಿನ ಕೂರೋಕೆ ಆಗುತ್ತಾ? ಶಿಳ್ಳೆ ಹೊಡೀತಾನೆ,” ಎಂದು ಅವನು ಮುಖ ತಿರುಗಿಸಿದ.

ಚಳಿಗಾಲದ ಮೊದಲು ತಾಯಿ ಮಗಳಿಗೆ ಹೊಸ ಬಡಾವಣೆಯಲ್ಲಿ ಮನೆ ಸಿಕ್ಕಿತು. ಒಲೆ ಹಚ್ಚಿದ ಮೊದಲ ಭಾನುವಾರವೇ ಫಿಲೊಮೆನಾ ಕುರಿಮಾಂಸದ ಸಾರಿನೊಂದಿಗೆ ಪಾಸ್ತಾ ಮಾಡಿ ನುನ್ಸಿಯೊನನ್ನು ಕರೆಸಿದಳು.

“ನನ್ನ ಮಗಳನ್ನ ವಾಪಸ್ ಕೊಟ್ರಿ ನೀವು,” ಅಂದಳು, ಅವನ ಕೈ ಹಿಡಿದು.

“ಅವಳೇ ಬಂದಳು, ಸಿನ್ಯೋರಾ. ನಾನು ಕಾಫಿ ಮಾಡಿದೆ ಅಷ್ಟೆ.”

ಎರ್ಸಿಲಿಯಾಳಿಗೆ ಏನೋ ಹೇಳಬೇಕೆನಿಸಿತು. ಎದ್ದು ಹೋಗಿ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಸಾಕು ಅನ್ನಲಿಲ್ಲ.