ಆ ಗುಂಡು ನಿಮ್ಮ ಮನೆಯದಲ್ಲ, ಆಯಿ

ಆಯಿ, ನಿಮ್ಮ ಮೊಮ್ಮಗಳ ಕೂಸಿನ ತೊಟ್ಟಿಲಿಗೆಂದು ನಾನು ತಂದುಕೊಟ್ಟ ಒಳಕಲ್ಲಿನ ಗುಂಡು ಮುಳುಗಿದ ನಿಮ್ಮ ಮನೆಯದಲ್ಲ. ಅದನ್ನು ನಾನು ನೀರಿನ ತಳದಿಂದ ತರಲೇ ಇಲ್ಲ. ಸಾಂಬ್ರಾಣಿ ಎಂಬ ಊರಿನಲ್ಲಿ ನಮ್ಮ ಚಿಕ್ಕವ್ವನ ಹಿತ್ತಲಲ್ಲಿ, ಮಿಕ್ಸರ್ ಬಂದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಎತ್ತಿ ತಂದು, ಹಳೆಯದಾಗಿ ಕಾಣಲೆಂದು ಕಾಳಿ ಹೊಳೆಯ ರಾಡಿಯಲ್ಲಿ ಹೂತಿಟ್ಟು, ಮೈತುಂಬ ಕೆಸರು ಹಿಡಿದ ಮೇಲೆ ನಿಮ್ಮ ಉಡಿಗೆ ಹಾಕಿದೆ. ನೀವು ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತಿರಿ. ನಾನು—ನಾನು ಪಕ್ಕದಲ್ಲಿ ನಿಂತು ನೀವೇ ಮಾಡಿಕೊಟ್ಟ ಚಹಾ ಕುಡಿಯುತ್ತಿದ್ದೆ.

ಮೊನ್ನೆ ಒಬ್ಬ ಪ್ರವಾಸಿ ಕೇಳಿದ, ಇಷ್ಟು ವರ್ಷದ ಸ್ಕೂಬಾ ಡೈವಿಂಗ್ ಬಾಳಿನಲ್ಲಿ ಏನಾದರೂ ಬದಲಿಸುವುದಿದ್ದರೆ ಏನು ಬದಲಿಸುತ್ತೀರಿ ಎಂದು. ಕಿವಿ ನೋಯಲು ಶುರುವಾದಾಗಲೇ ಡಾಕ್ಟರಿಗೆ ತೋರಿಸಬೇಕಿತ್ತು ಎಂದು ಹೇಳಿ ನಕ್ಕುಬಿಟ್ಟೆ. ಕಿವಿಯಂತೆ ಕಿವಿ! ನಿಜವಾದ ಉತ್ತರ ಆ ಗುಂಡು.

ನಾನು ದಾಂಡೇಲಿಯ ಮಿಲ್ ಕೆಲಸಗಾರನ ಮಗ. ಮೊಸಳೆಗೆ ಹೆದರಿ ಅವ್ವ ಹೊಳೆಗೆ ಕಾಲಿಡಲು ಬಿಡುತ್ತಿರಲಿಲ್ಲ. ಆ ಸಿಟ್ಟಿಗೋ ಏನೋ ಮುರ್ಡೇಶ್ವರಕ್ಕೆ ಹೋಗಿ ಡೈವಿಂಗ್ ಕಲಿತೆ. ಮುಂದೆ ಜೋಯಿಡಾದ ಹೋಂಸ್ಟೇಗೆ ರಾಫ್ಟಿಂಗ್ ಕೆಲಸಕ್ಕೆ ಬಂದಾಗ ಅಲ್ಲಿ ಅಡುಗೆ ನಿಮ್ಮದಿತ್ತು. ಬಿಸಿ ಭಕ್ಕರಿ ತಟ್ಟೆಗೆ ಹಾಕುತ್ತ ನನ್ನ ಕಡಲಿನ ಬಡಾಯಿಗಳನ್ನೆಲ್ಲ ನೀವು ಕೇಳುತ್ತಿದ್ದಿರಿ. ಒಂದು ದಿನ, ಮುಳುಗಿದ ಮನೆಯಿಂದ ಆ ಗುಂಡನ್ನು ತಂದುಕೊಡುತ್ತೀಯಾ ಎಂದು ಕೇಳಿಯೇಬಿಟ್ಟಿರಿ.

ಡ್ಯಾಮಿಗಾಗಿ ಊರು ಬಿಟ್ಟು ಇಲ್ಲೇ ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದವರು ನೀವು. ದೇವರ ಪೆಟ್ಟಿಗೆ, ಹಂಡೆ, ಬಾಗಿಲಿನ ಚೌಕಟ್ಟು—ಎಲ್ಲ ಲಾರಿ ಹತ್ತಿತಂತೆ. ನೆಲದಲ್ಲಿ ಹೂತಿದ್ದ ಒಳಕಲ್ಲು ಮಾತ್ರ, ಅದರ ಗುಂಡಿನ ಸಮೇತ, ಹಿಂದೆ ಉಳಿಯಿತು. ಹೆಸರಿಡುವ ದಿನ ಆ ಗುಂಡಿಗೆ ಅರಿಷಿಣ ಕುಂಕುಮ ಹಚ್ಚಿ, ಕುಂಚಿಗೆ ಟೊಪ್ಪಿಗೆ ತೊಡಿಸಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವುದು ನಿಮ್ಮಲ್ಲೂ ನಮ್ಮಲ್ಲೂ ಇರುವ ಪದ್ಧತಿ. ಕೂಸು ಈ ಕಲ್ಲು ಗುಂಡಪ್ಪನಂತೆ ಗಟ್ಟಿಯಾಗಿರಲಿ ಎಂದು.

"ನನ್ನ ಮೂರೂ ಮಕ್ಕಳು ಮಲಗೂಕಿಂತ ಮೊದಲ ಅದು ಮಲಗೇತಿ, ಬಸು," ಎಂದಿರಿ. "ನೋಡು ಸಿಗತೈತೇನ. ಆಗ್ಲಿಲ್ಲಂದ್ರ ಆಗ್ಲಿಲ್ಲ ಅನ್ನು. ನಾ ಏನ್ ಬೈತೇನಿ?"

"ಅಯ್ಯ, ಅದೇನ್ ದೊಡ್ಡ ಮಾತ್ರಿ ಆಯಿ! ಸಮುದ್ರ ನೋಡಿದಾಂವಗ ಈ ಹಿನ್ನೀರು ಯಾವ ಲೆಕ್ಕ?" ಎಂದೆ.

ನಿಮ್ಮ ಮೈದುನನ ಮಗ ವಿಠ್ಠಲ ದೋಣಿ ನಡೆಸಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಜೊತೆಗಾರನಿಲ್ಲದೆ ಇಳಿಯಬಾರದು ಎಂಬುದು ನಾನೇ ಎಲ್ಲರಿಗೂ ಹೇಳುವ ಮೊದಲ ಪಾಠ, ಅದನ್ನೂ ಮೀರಿದೆ. ಸ್ವಲ್ಪ ಇಳಿಯುವಷ್ಟರಲ್ಲಿ ಬೆಳಕು ಸತ್ತುಹೋಯಿತು. ಟಾರ್ಚ್ ಹಾಕಿದರೆ ಬರೀ ಕೆಸರಿನ ಹಳದಿ. ಸತ್ತ ಮರದ ಕೊಂಬೆಯೊಂದು ಗಾಳಿಯ ನಳಿಕೆಗೆ ಸಿಕ್ಕಿ ಎಳೆಯಿತು—ಮೇಲೆ ಯಾವುದು, ಕೆಳಗೆ ಯಾವುದು... ಅವ್ವನ ಹೆಸರು ಬಂತು ಬಾಯಿಗೆ. ಹೇಗೋ ಬಿಡಿಸಿಕೊಂಡು ಮೇಲೆದ್ದೆ. ನಿಮ್ಮ ಮನೆಯಿರಲಿ, ನೆಲವನ್ನೂ ಕಂಡಿರಲಿಲ್ಲ.

"ಸಿಕ್ತೇನಲೇ?" ಎಂದ ವಿಠ್ಠಲ.

ಏನಾದರೂ ಸರಿಯಿಲ್ಲ ಎನಿಸಿದರೆ ಅಂಗೈ ಅಲ್ಲಾಡಿಸಿ ತೋರಿಸಿ, ನಾಚಬೇಡಿ ಎಂದು ಪ್ರವಾಸಿಗರಿಗೆ ದಿನವೂ ಕಲಿಸುವವನು ನಾನು. ಆದರೆ ನಾನೇ ಅಂದದ್ದು: "ಮನಿ ಸಿಕ್ಕೈತಿ. ಗಾಳಿ ತೀರ್ತು. ಇನ್ನೊಮ್ಮೆ ಇಳದು ಗುಂಡು ತರ್ತೇನಿ." ಆಮೇಲಿನದನ್ನು ಆಗಲೇ ಹೇಳಿದೆ.

ಹೆಸರಿಡುವ ದಿನ ನನ್ನನ್ನು ಎಲ್ಲರ ಮುಂದೆ ಕೂರಿಸಿ, ಟವೆಲ್ ಹೊದಿಸಿ, ಕಾಯಿ ಕೊಟ್ಟಿರಿ. ನಾನು ತೆಗೆದುಕೊಂಡೆ. ಹೆಂಗಸರು ಆ ಗುಂಡನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ಕೈಯಿಂದ ಕೈಗೆ ದಾಟಿಸುವುದನ್ನು ನೋಡುತ್ತ ಪೇಡೆ ತಿಂದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಸುಳ್ಳು ಎಂದುಕೊಂಡು ಸಾಯುತ್ತಿದ್ದೆನೇನೋ. ಹೋದ ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದು ನಿಮ್ಮ ಮನೆಯ ತಳಪಾಯ ಬಯಲಿಗೆ ಬಂತು. ಮನೆಮಂದಿಯೆಲ್ಲ ನೋಡಲು ಹೋದಿರಿ, ನನ್ನನ್ನೂ ಕರೆದಿರಿ. ಅಡುಗೆಮನೆಯ ನೆಲದಲ್ಲಿ ಒಳಕಲ್ಲು, ಅದರೊಳಗೆ ಗುಂಡು—ಬಿಟ್ಟಹಾಗೆಯೇ ಕೂತಿತ್ತು.

ವಿಠ್ಠಲ ಅದನ್ನೆತ್ತಿ ನಕ್ಕ. "ಏ ಬಸ್ಯಾ, ಹಂಗಾರ ಮನ್ಯಾಗ ಐತೆಲ್ಲ, ಅದು ಯಾರ ಗುಂಡಪ್ಪೋ?"

ಎಲ್ಲರೂ ನನ್ನನ್ನೇ ನೋಡಿದರು. ನೀವೂ ನೋಡಿದಿರಿ. ನಾನು ತಲೆ ತಗ್ಗಿಸಿದೆ. ಆಮೇಲೆ ನಿಮ್ಮ ದನಿ ಕೇಳಿತು: "ಎರಡಿದ್ದುವು ನಮ್ಮ ಮನ್ಯಾಗ. ನೀ ಆಗ ಹುಟ್ಟಿದ್ದಿಲ್ಲ, ಸುಮ್ನಿರು."

"ಎರಡು ಯಾವಾಗಿದ್ದುವು ವೈನಿ?" ಎಂದರು ನಿಮ್ಮ ನೆಗೆಣ್ಣಿ, ವಿಠ್ಠಲನ ಅವ್ವ. "ಒಂದ ಗುಂಡಿನ್ಯಾಗ ಇಬ್ಬರೂ ಸೊಸ್ತೇರು ರುಬ್ಬಿ ಸತ್ತೇವಿ. ನಿಮಗ ಅರಳುಮರಳು ಬಂತು ನೋಡ್ರಿ."

ಎಲ್ಲರೂ ನಕ್ಕರು. ನಿಮ್ಮ ಮಕ್ಕಳ ತೊಟ್ಟಿಲಲ್ಲಿ ಮಲಗಿದ ಆ ಗುಂಡನ್ನು ನೀವು ಮುಟ್ಟಲೂ ಇಲ್ಲ. ಮುಟ್ಟಿದ್ದರೆ ಅಳು ತಡೆಯಲಾಗುತ್ತಿರಲಿಲ್ಲ, ನನ್ನ ಬಣ್ಣ ಬಯಲಾಗುತ್ತಿತ್ತು. ವಿಠ್ಠಲ ಅದನ್ನು ಮತ್ತೆ ಒಳಕಲ್ಲಿಗೇ ಹಾಕಿದ.

ಅಂದಿನಿಂದ ಮನೆಯಲ್ಲಿ ನಿಮ್ಮ ಮಾತಿಗೆ ಏನಾಗಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಸಾರಿಗೆ ಉಪ್ಪು ಹಾಕೇನಿ ಎಂದರೆ ಸೊಸೆ ನಾಲಿಗೆಗೆ ಹಚ್ಚಿ ನೋಡುತ್ತಾಳೆ. ಔಷಧಿ ತಗೊಂಡೆ ಎಂದರೆ ಮಗ ಮಾತ್ರೆಯ ಪಟ್ಟಿ ತಿರುಗಿಸಿ ನೋಡುತ್ತಾನೆ. ಮರಿಮೊಮ್ಮಗಳನ್ನು ನಿಮ್ಮೊಬ್ಬರ ಕೈಗೆ ಬಿಡುವುದಿಲ್ಲ. ನೀವು ನಕ್ಕುಬಿಡುತ್ತೀರಿ. ನನಗೆ ಮಾತ್ರ ಇಂದಿಗೂ ತಟ್ಟೆಗೆ ಬಿಸಿ ಭಕ್ಕರಿ—ಹೇಗೆ ನುಂಗಲಿ ಆಯಿ?

ನೀರು ಮತ್ತೆ ಏರಿದೆ. ನಿಮ್ಮ ಗುಂಡನ್ನು ತಂದುಕೊಡುತ್ತೇನೆ ಎಂದು ಹೇಳಲಾರೆ. ನನ್ನಿಂದ ಆಗುವುದಿಲ್ಲ.

ರವಿವಾರ ರಾಮನಗರಕ್ಕೆ ಬರುತ್ತೇನೆ. ನಿಮ್ಮ ಮಗ, ಸೊಸೆ, ವಿಠ್ಠಲ, ಅವನ ಅವ್ವ—ಎಲ್ಲರನ್ನೂ ಕೂರಿಸಿ ಹೇಳುತ್ತೇನೆ, ಆಯಿಗೆ ಅರಳುಮರಳಲ್ಲ, ಸುಳ್ಳು ನನ್ನದು ಎಂದು. ಅವರು ನನ್ನನ್ನು ಬೈಯಲಿ, ಮನೆಯಿಂದ ಹೊರಹಾಕಲಿ. ಆಗ ಮಾತ್ರ ನೀವು ನನ್ನ ಪರ ಮಾತಾಡಬೇಡಿ, ಆಯಿ.